ಉದಯನಕ್ಷತ್ರವೆಂಬ ಹೆಸರು

ಸತ್ಯವೇದದಲ್ಲಿ ಒಂದೇ ನಕ್ಷತ್ರದ ಹೆಸರು ಬಿದ್ದುಹೋದ ಗರ್ವಿಷ್ಠನಿಗೂ ನಮ್ಮ ಕರ್ತನಿಗೂ ಸಲ್ಲುವದನ್ನು ಕಂಡು ಕೆಲವರು ಕಳವಳಗೊಳ್ಳುತ್ತಾರೆ. ಯೆಶಾಯನ 14ನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸನು ಆಕಾಶದಿಂದ ಬಿದ್ದ ಉದಯನಕ್ಷತ್ರವೆನಿಸಿಕೊಳ್ಳುತ್ತಾನೆ. ಪ್ರಕಟನೆಯ 22ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ತಾನೇ ಉದಯನಕ್ಷತ್ರವೆಂದು ಹೇಳುತ್ತಾನೆ. ಹಾಗಾದರೆ ಈ ಹೆಸರು ಶುದ್ಧವೋ ಅಶುದ್ಧವೋ?

ಈ ನಕ್ಷತ್ರವು ನಮ್ಮ ರೈತರು ಬೆಳ್ಳಿಯೆಂದು ಕರೆಯುವ ಶುಕ್ರಗ್ರಹವೇ. ಯೂರೋಪ್ ಖಂಡದ ಸ್ಲಾವ್ ಜನಾಂಗದವರಾದ ಸೆರ್ಬಿಯದವರು ಇದಕ್ಕೆ ದಾನಿತ್ಸ ಎನ್ನುತ್ತಾರೆ. ವೂಕ್ ಕರಾಜಿಚ್ ಎಂಬ ಪಂಡಿತನು 19ನೆಯ ಶತಮಾನದಲ್ಲಿ ಕೂಡಿಸಿದ ಅವರ ಹಾಡುಗಳಲ್ಲಿ ಚಂದ್ರನು ದಾನಿತ್ಸಳನ್ನು, ಇಷ್ಟು ದಿವಸ ಎಲ್ಲಿದ್ದಿಯೆಂದು ಗದರಿಸುತ್ತಾನೆ. 863ರಲ್ಲಿ ಸಿರಿಲ್, ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಮೊರಾವಿಯ ದೇಶಕ್ಕೆ ಹೋಗಿ ಸ್ಲಾವ್ ಜನರಿಗೆ ಅವರ ಮಾತಿನಲ್ಲಿಯೇ ದೇವರ ವಾಕ್ಯವನ್ನು ಒದಗಿಸಿದರು. ಆ ಕೆಲಸದಿಂದ ಬೆಳೆದ ಸ್ಲಾವ್ ಸತ್ಯವೇದದಲ್ಲಿ ದೆನ್ನಿತ್ಸ ಎಂಬ ನಕ್ಷತ್ರನಾಮವು ಯೆಶಾಯನಲ್ಲಿ ಬಿದ್ದವನಿಗೂ, ಪೇತ್ರನ ಎರಡನೆಯ ಪತ್ರಿಕೆಯಲ್ಲಿ ವಿಶ್ವಾಸಿಗಳ ಹೃದಯದಲ್ಲಿ ಮೂಡುವ ಬೆಳಕಿಗೂ ಬಂದಿದೆ. ಲ್ಯಾಟಿನ್ ಭಾಷಾಂತರದಲ್ಲಿ ಲೂಸಿಫರ್ ಎಂಬ ಶಬ್ದವು ಹೀಗೆಯೇ ಎರಡು ಕಡೆಗಳಲ್ಲಿಯೂ ಉಂಟು. ಬೆಳಕನ್ನು ತರುವವನೆಂದು ಅದರ ಅರ್ಥ. 4ನೆಯ ಶತಮಾನದಲ್ಲಿ ಸಾರ್ದಿನಿಯ ದ್ವೀಪದ ಬಿಷಪನೊಬ್ಬನಿಗೆ ಲೂಸಿಫರ್ ಎಂಬದೇ ಹೆಸರಾಗಿತ್ತು.

ಹೆಸರಿನಲ್ಲಿ ದೋಷವಿಲ್ಲವಾದರೆ ದೋಷವು ಎಲ್ಲಿ? ಅರಸನು ತನ್ನ ಸಿಂಹಾಸನವನ್ನು ನಕ್ಷತ್ರಗಳಿಗಿಂತ ಮೇಲೆ ಏರಿಸಬೇಕೆಂದು ಮನಸ್ಸುಮಾಡಿ ಪಾತಾಳಕ್ಕೆ ಬಿದ್ದನು. ಕರ್ತನಾದರೋ ಮಹಿಮೆಯಲ್ಲಿದ್ದರೂ ದಾಸನ ರೂಪವನ್ನು ಧರಿಸಿ ಶಿಲುಬೆಯ ಮರಣದ ತನಕ ತಗ್ಗಿದನು. ಆದಕಾರಣ ತಂದೆಯು ಆತನನ್ನು ಉನ್ನತಕ್ಕೇರಿಸಿದನು. ಹೀಗೆ ಒಂದೇ ಹೆಸರಿನ ಕೆಳಗೆ ಎರಡು ದಾರಿಗಳಿರುತ್ತವೆ.

ಇದು ನಮ್ಮ ಸಭೆಗಳಿಗೂ ತಗಲುವ ಮಾತು. ಸ್ನಾನದೀಕ್ಷೆ ಹೊಂದಿದ ಸಹೋದರನು ಹಿರಿಯರಿಟ್ಟ ಹೆಸರನ್ನು ಉಳಿಸಿಕೊಂಡರೆ ಅವನನ್ನು ಕೀಳಾಗಿ ಕಾಣುವವರುಂಟು. ಪೇತ್ರ ಪೌಲರ ಹೆಸರನ್ನು ಹೊತ್ತು, ಬದುವಿನ ಜಗಳದಲ್ಲಿ ನೆರೆಯವನ ಮೇಲೆ ಕೈಯೆತ್ತುವವರೂ ಉಂಟು. ಇವರಲ್ಲಿ ಯಾರು ಕರ್ತನಿಗೆ ಹತ್ತಿರದವರು? ಹೊಸ ಹೆಸರನ್ನು ತೆಗೆದುಕೊಳ್ಳುವದು ತಪ್ಪಲ್ಲ. ಅದರಿಂದಲೇ ಹೊಸ ಮನುಷ್ಯನಾದೆನೆಂದು ನಂಬುವದು ತಪ್ಪು.

ಶುಕ್ರಗ್ರಹಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಪಡೆದದ್ದನ್ನೇ ಅದು ತೋರಿಸುತ್ತದೆ. ಹೊತ್ತು ಮೂಡಿದ ಮೇಲೆ ಕಣ್ಣಿಗೆ ಮರೆಯಾಗುತ್ತದೆ. ಜಯಶಾಲಿಗೆ ಉದಯನಕ್ಷತ್ರವನ್ನು ಕೊಡುವೆನೆಂದು ಕರ್ತನು ಥುವತೈರದ ಸಭೆಗೆ ವಾಗ್ದಾನಮಾಡಿದ್ದಾನೆ. ಆ ವರವನ್ನು ನಿರೀಕ್ಷಿಸುವ ನಾವು ಪಡೆದ ಬೆಳಕನ್ನು ನಮ್ಮದೆಂದು ಹೊಗಳಿಕೊಳ್ಳದೆ, ಕತ್ತಲಲ್ಲಿರುವ ನೆರೆಯವನಿಗೆ ಬೆಳಗಾಗುವದೆಂಬ ಗುರುತಾಗಿ ತಗ್ಗಿ ನಡೆಯೋಣ.