ತೀರ ಕಾಣುವ ಹಕ್ಕಿ


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ದೋಣಿಮಲೈ ಹೆಸರಿನಲ್ಲಿ ದೋಣಿ ಇದೆ, ಕಡಲು ಮಾತ್ರ ಬಲು ದೂರ. ಆದರೆ ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಿಗೆ ಮೋಡ ತರುವ ಗಾಳಿ ಅರಬ್ಬಿ ಸಮುದ್ರದ್ದೇ. ಅದೇ ಗಾಳಿ ಉಡುಪಿ ಕಡೆ ಬಿರುಸಾಗಿ ಬೀಸುವಾಗ, ಹಕ್ಕಿ ನೋಡುವವರು ಕ್ಯಾಮೆರಾ ಹಿಡಿದು ದಂಡೆಗೆ ಹೋಗುತ್ತಾರೆ. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವಂಥ ಬಂಡೆಗಳಿಂದ ಕಡಲು ಚೆನ್ನಾಗಿ ಕಾಣುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನೋಡುವುದಿದ್ದರೆ ನೆಲದಿಂದಲೇ.

ಮಳೆಯಲ್ಲೇ ಯಾಕೆ ಹೋಗಬೇಕು? ಬೂಬಿ, ಫ್ರಿಗೇಟ್ ಹಕ್ಕಿ, ಕೆಲವು ಬಗೆಯ ರೀವಗಳು ದೂರದ ಕಡಲಿನಲ್ಲೇ ಬದುಕುವಂಥವು. ಬಿರುಗಾಳಿ ತಳ್ಳಿದಾಗಲೇ ಅವು ನಮ್ಮ ದಂಡೆಯ ಹತ್ತಿರ ಕಾಣುವುದು. ಲೆನ್ಸಿನ ಮೇಲೆ ಉಪ್ಪುನೀರು, ಗಾಳಿಗೆ ನಡುಗುವ ಕೈ. ಗಂಟೆಗಟ್ಟಲೆ ಕಾದರೂ ಫೋಟೋದಲ್ಲಿ ಸಿಗುವುದು ಒಂದು ಮಸುಕು ರೆಕ್ಕೆ. 'ಅಪರೂಪದ ಹಕ್ಕಿ ಅಂತ ಬರೆದುಕೋ' ಎನ್ನುತ್ತದೆ ಆಸೆ. ಪ್ರಾಮಾಣಿಕ ನೋಡುಗ ಬರೆಯುವುದು ಇಷ್ಟೇ: 'ರೀವ. ಯಾವುದೆಂದು ಗೊತ್ತಾಗಲಿಲ್ಲ.'

ಇದು ಸಣ್ಣ ಮಾತಲ್ಲ. ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ಒಬ್ಬ ಭಿಕ್ಷು ತನ್ನ ಪ್ರಶ್ನೆ ಹೊತ್ತು ದೇವತೆಗಳನ್ನೆಲ್ಲ ಕೇಳುತ್ತಾ ಬ್ರಹ್ಮನವರೆಗೆ ಹೋಗುತ್ತಾನೆ. ಬ್ರಹ್ಮ ಎಲ್ಲರೆದುರು ದೊಡ್ಡಸ್ತಿಕೆ ಕೊಚ್ಚಿಕೊಳ್ಳುತ್ತಾನೆ. ಆಮೇಲೆ ಭಿಕ್ಷುವಿನ ತೋಳು ಹಿಡಿದು ಪಕ್ಕಕ್ಕೆ ಕರೆದು, 'ನನಗೂ ಗೊತ್ತಿಲ್ಲಪ್ಪ, ಬುದ್ಧರನ್ನೇ ಕೇಳು' ಎನ್ನುತ್ತಾನೆ! ಮರಳಿ ಬಂದವನಿಗೆ ಭಗವಾನ್ ಬುದ್ಧರು ಒಂದು ಹಕ್ಕಿಯ ಉಪಮೆ ಕೊಡುತ್ತಾರೆ. ಸಮುದ್ರ ವ್ಯಾಪಾರಿಗಳು ಹಡಗಿನಲ್ಲಿ ತೀರ ಕಾಣುವ ಹಕ್ಕಿಯೊಂದನ್ನು ಒಯ್ಯುತ್ತಿದ್ದರು. ದಡ ಕಾಣದಾದಾಗ ಅದನ್ನು ಹಾರಿಬಿಡುತ್ತಿದ್ದರು. ಅದು ಎಲ್ಲ ದಿಕ್ಕಿಗೂ ಹೋಗಿ ನೋಡುತ್ತಿತ್ತು. ದಡ ಕಾಣದಿದ್ದರೆ ಹಡಗಿಗೆ ವಾಪಸ್ಸು. ಕಂಡರೆ ಅತ್ತಲೇ ಹೋಯಿತು, ಮರಳಿ ಬರುತ್ತಿರಲಿಲ್ಲ.

ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಆದರೆ ಮರುದಿನವೇ ಎಲ್ಲಿಗೋ ಹೋಗಿ ಇಳಿಯಲಿಲ್ಲ. ಎಲ್ಲ ದಿಕ್ಕನ್ನೂ ನೋಡಿದರು, ಓದಿದರು, ಪರೀಕ್ಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದಡ ಸೇರಿದರು. 21 ವರ್ಷ! ದಡ ಕಂಡ ಮೇಲೆ ಹಿಂದಿರುಗಲಿಲ್ಲ.

ನಮ್ಮ ಮನೆಗಳಲ್ಲಿ? ಹವಾ ಚೆನ್ನಾಗಿದ್ದಾಗ 22 ಪ್ರತಿಜ್ಞೆ ಸಲೀಸು. ಮಗುವಿನ ಜ್ವರ ನಾಲ್ಕು ದಿನ ಬಿಡದಿದ್ದರೆ, 'ಒಂದು ತಾಯತ ಕಟ್ಟಿಸಿದರೆ ಏನು ಹೋಗುತ್ತದೆ?' ಎಂದು ಅಜ್ಜಿ ಕೇಳುತ್ತಾಳೆ. ಅಜ್ಜಿಯ ಮೇಲೆ ಸಿಟ್ಟಾಗಬೇಡಿ, ಅವಳ ಭಯ ನಿಜವಾದದ್ದು. ಪಕ್ಕದಲ್ಲಿ ಕೂತು, ಕೈ ಹಿಡಿದು, ಅವಳನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರು 'ರಿಪೋರ್ಟ್ ಬರಲಿ, ಇನ್ನೂ ಗೊತ್ತಿಲ್ಲ' ಎಂದರೆ ಆ ಒಂದು ರಾತ್ರಿಯನ್ನು ತಾಳಿಕೊಳ್ಳುವುದೇ ಧಮ್ಮದ ಬಲ. ಗೊತ್ತಿಲ್ಲದ ಜಾಗವನ್ನು ತಾಯತದಿಂದ ತುಂಬುವುದು, ಮಸುಕು ರೆಕ್ಕೆಗೆ ದೊಡ್ಡ ಹೆಸರು ಇಟ್ಟಂತೆ.

*ಇಂದಿನ ಅಭ್ಯಾಸ:* ಕಂಡದ್ದನ್ನು ಕಂಡಷ್ಟೇ ಹೇಳೋಣ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಎನ್ನೋಣ. ಕಂಡ ದಡವನ್ನು ಬಿಡದಿರೋಣ.

ಸಾಧು! ಸಾಧು! ಸಾಧು! ☸️