ಬಾರಿಸದ ತಂತಿಗೆ ವಯಸ್ಸಾಗುವುದು ಹೇಗೆ?

ಬಾರಿಸದೆ ಇಟ್ಟ ತಂತಿ ಹಾಳಾಗುವುದಿಲ್ಲ ಎಂಬ ನಂಬಿಕೆ ಬೇಸ್ ಗಿಟಾರ್ ಇಟ್ಟುಕೊಂಡವರಲ್ಲಿ ಗಟ್ಟಿಯಾಗಿ ಕೂತಿದೆ. ಆರ್ಕೆಸ್ಟ್ರಾಗಳಲ್ಲಿ ಬೇಸಿನ ಕೆಲಸವನ್ನು ಕೀಬೋರ್ಡಿನವರ ಎಡಗೈ ವಹಿಸಿಕೊಂಡ ಮೇಲೆ ನಮ್ಮ ಕರಾವಳಿಯ ಬೇಸ್‌ಗಳೆಲ್ಲ ವರ್ಷದ ಬಹುಪಾಲು ಬ್ಯಾಗಿನೊಳಗೇ ಇರುತ್ತವೆ. ಮೊಸರುಕುಡಿಕೆಗೊಮ್ಮೆ, ಚೌತಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಹೊರಗೆ ಬರುತ್ತವೆ. ತೆಗೆದು ನೋಡಿದರೆ ತಂತಿ ಹೊಳೆಯುತ್ತಲೂ ಇರಬಹುದು. ಆದರೆ ಬೆರಳ ತುದಿಯನ್ನು ತಂತಿಯ ಅಡಿಗೆ ತಾಗಿಸಿ, ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಎಳೆಯುತ್ತಾ ಹೋಗಿ. ಅಲ್ಲಲ್ಲಿ ಮರಳು ಮರಳಾಗಿ ಸಿಗುತ್ತದೆ. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ಸೋಕಿಸಿ ಮೀಟಿ, ಮತ್ತೆ ಅಲ್ಲೇ ಒತ್ತಿ ಹಿಡಿದು ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಬ್ರಿಜ್ಜಿನ ಸ್ಕ್ರೂ ಎಷ್ಟು ತಿರುಗಿಸಿದರೂ ಅವು ಕೂಡದಿದ್ದರೆ, ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಉಳಿದಿಲ್ಲ ಎಂದು ತಿಳಿಯಬೇಕು. ಅಂಥ ತಂತಿಯನ್ನು ಶ್ರುತಿ ಮಾಡಲು ಯಾರಿಂದಲೂ ಆಗದು.

ಯಾರೂ ಮುಟ್ಟದ ತಂತಿಯನ್ನು ಹೀಗೆ ಮಾಡಿದ್ದು ಯಾರು? ಕಾಲ, ಎಂದು ಎಲ್ಲರೂ ಹೇಳುತ್ತಾರೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ.

ನಾನು ಮೂಡುಬಿದಿರೆಯ ಜೈನ ಮನೆಯಲ್ಲಿ ಹುಟ್ಟಿದವನು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಮಾಸ್ವಾಮಿಯ ತತ್ತ್ವಾರ್ಥಸೂತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ಹತ್ತು ದಿನ ಓದುತ್ತಾರೆ. ಪರ್ವ ಶುರುವಾಗುವುದು ಚೌತಿಯ ಮರುದಿನ. ಹಾಗಾಗಿ ರಾತ್ರಿ ಪೆಂಡಾಲಿನಲ್ಲಿ ಬೇಸ್, ಬೆಳಿಗ್ಗೆ ಬಸದಿಯಲ್ಲಿ ಸೂತ್ರ ಎಂಬುದು ನನಗೆ ಹಳೆಯ ರೂಢಿ. ಅಜೀವ ಪದಾರ್ಥಗಳನ್ನು ಹೇಳುವ ಐದನೆಯ ಅಧ್ಯಾಯ ಬಂದಾಗ ನಾನು ಕಿವಿ ನೆಟ್ಟಗೆ ಮಾಡಿ ಕೂರುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ವಾದ್ಯದ ಸಂಗತಿ ಇದೆ. ಕಾಲ ಯಾವ ವಸ್ತುವನ್ನೂ ಹಿಡಿದು ಬದಲಿಸುವುದಿಲ್ಲ ಎನ್ನುತ್ತದೆ ನಮ್ಮ ಶಾಸ್ತ್ರ. ವಸ್ತು ತನ್ನ ಸ್ವಭಾವದಿಂದಲೇ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಕಾಲ ಅದಕ್ಕೆ ಒತ್ತಾಸೆ ಮಾತ್ರ. ಉಪಾದಾನ ವಸ್ತುವಿನದು, ಕಾಲ ನಿಮಿತ್ತ. ಒಂದು ಪರ್ಯಾಯ, ಅಂದರೆ ವಸ್ತುವಿನ ಒಂದು ಅವಸ್ಥೆ, ಹುಟ್ಟುವುದು, ಹಿಂದಿನದು ಅಳಿಯುವುದು, ದ್ರವ್ಯ ಉಳಿಯುವುದು, ಈ ಮೂರೂ ಏಕಕಾಲಕ್ಕೆ ನಡೆಯುತ್ತವೆ. ಬಾರಿಸಿದರೂ ಅಷ್ಟೇ, ಬಾರಿಸದಿದ್ದರೂ ಅಷ್ಟೇ.

ತಂತಿಯಲ್ಲಿ ಇದನ್ನು ಬೆರಳಿಟ್ಟು ತೋರಿಸಬಹುದು. ಒಳಗೆ ಉಕ್ಕಿನ ಎಳೆ, ಅದರ ಸುತ್ತ ನಿಕಲ್ ಲೇಪದ ಉಕ್ಕಿನ ಸುರುಳಿ. (ಹಿಂದೆ ಡಬಲ್ ಬೇಸಿಗೆ ಕುರಿಯ ಕರುಳಿನ ತಂತಿ ಹಾಕುತ್ತಿದ್ದರು. ಉಕ್ಕಿನದು ಬಂದದ್ದು ನನ್ನಂಥ ಜೈನನಿಗೆ ದೊಡ್ಡ ನೆಮ್ಮದಿ.) ಕೊನೆಯ ಕಾರ್ಯಕ್ರಮ ಮುಗಿಸಿ ಒರೆಸದೆ ಬ್ಯಾಗಿಗೆ ಹಾಕಿದರೆ ಬೆವರಿನ ಉಪ್ಪು ಸುರುಳಿಗಳ ಸಂದಿಯಲ್ಲಿ ಕೂರುತ್ತದೆ. ಕಡಲ ಗಾಳಿಯ ತೇವ ಅದಕ್ಕೆ ಸೇರುತ್ತದೆ. ತುಕ್ಕು ಶುರುವಾಗಲು ಇಷ್ಟು ಸಾಕು. ಬಟ್ಟೆಯಿಂದ ಒರೆಸಿ ಒಣ ಜಾಗದಲ್ಲಿಟ್ಟ ಮೂರು ವರ್ಷದ ತಂತಿ, ಒರೆಸದೆ ಆಷಾಢ ಕಳೆದ ಆರು ತಿಂಗಳ ತಂತಿಗಿಂತ ಎಳೆಯದು. ಹಾಗಿರುವಾಗ ಕ್ಯಾಲೆಂಡರ್ ನೋಡಿ ತಂತಿಗೆ ವಯಸ್ಸು ಕಟ್ಟುವುದರಲ್ಲಿ ಅರ್ಥವೇನು?

ಅದೇ ಅಧ್ಯಾಯದಲ್ಲಿ ಶಬ್ದವನ್ನೂ ಪುದ್ಗಲದ, ಅಂದರೆ ಜಡ ದ್ರವ್ಯದ, ಪರ್ಯಾಯಗಳ ಸಾಲಿಗೆ ಸೇರಿಸಿದ್ದಾರೆ. ನ್ಯಾಯ ವೈಶೇಷಿಕರಿಗಾದರೋ ಶಬ್ದ ಆಕಾಶದ ಗುಣ. ಬೇಸಿನ ದಪ್ಪ ತಂತಿಯನ್ನು ಸೆಕೆಂಡಿಗೆ 41 ಕಂಪನದ ಮಂದ್ರಕ್ಕೆ ಇಳಿಸಿ, ದೊಡ್ಡ ಸ್ಪೀಕರಿನ ಎದುರು ಒಮ್ಮೆ ನಿಂತವನಿಗೆ ಶಬ್ದ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ, ಅಂಗಿ ಅದುರುತ್ತದೆ. ಶಬ್ದ ಮೂರ್ತವಾದದ್ದು ಎಂಬ ನಮ್ಮವರ ವಾದ ನನಗೆ ಮನವರಿಕೆಯಾದದ್ದು ಅಂಥ ಜಾಗದಲ್ಲಿ.

ತಂತಿ ಬದಲಿಸಬೇಡಿ ಎನ್ನುವವರು ಡೆಟ್ರಾಯಿಟ್ಟಿನ ಜೇಮ್ಸ್ ಜೇಮರ್ಸನ್‌ನ ಹೆಸರು ಹೇಳುತ್ತಾರೆ. ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದ ಆ ಮಹಾನುಭಾವ, ತುಂಡಾಗುವ ತನಕ ತಂತಿ ತೆಗೆಯುತ್ತಿರಲಿಲ್ಲವಂತೆ. ಅದೇ ದಶಕದಲ್ಲಿ ಇಂಗ್ಲೆಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್, ರೋಟೋಸೌಂಡ್ ಕಂಪನಿಯವರ ಜತೆ ಕೂತು, ಪಿಯಾನೊದ ಹಾಗೆ ಝಣಝಣಿಸುವ ರೌಂಡ್‌ವೌಂಡ್ ತಂತಿ ಮಾಡಿಸಿಕೊಂಡ. ಒಬ್ಬನಿಗೆ ತಂತಿಯ ಮಾಗಿದ ಪರ್ಯಾಯ ಬೇಕಿತ್ತು, ಇನ್ನೊಬ್ಬನಿಗೆ ಎಳೆಯದು. ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತದ ಕಣ್ಣಿಗೆ ಇಬ್ಬರ ಕೇಳ್ಮೆಯೂ ನಿಜ. ಆದರೆ ಜೇಮರ್ಸನ್‌ನ ತಂತಿ ನಯವಾದ ಫ್ಲಾಟ್‌ವೌಂಡ್, ಅವನ ಬೆರಳು ದಿನಾ ಅದರ ಮೇಲಿತ್ತು. ದಿನಾ ನುಡಿಸಿ ಮಾಗಿಸಿದ ಸದ್ದನ್ನು ಮೂಲೆಯಲ್ಲಿಟ್ಟು ಮರೆತ ವಾದ್ಯಕ್ಕೆ ಸಾಕ್ಷಿಯಾಗಿ ಕರೆಯುವುದು ಅನ್ಯಾಯ.

ಮುಟ್ಟದೆ ಕಾಪಾಡಿದ ವಸ್ತುವಿನ ಗತಿ ನಮ್ಮೂರಿಗೆ ಚೆನ್ನಾಗಿ ಗೊತ್ತು. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲ, ಅದರ ಜತೆಗಿನ ಜಯಧವಲ, ಮಹಾಬಂಧ, ಇವುಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಉಳಿದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ದೂರದೂರದ ಶ್ರಾವಕರು ಬಂದು ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವವರು ಇಲ್ಲವೆನ್ನುವಷ್ಟು ಕಡಿಮೆ. ಯಾರೂ ಮುಟ್ಟಲಿಲ್ಲ ಎಂದು ಗರಿ ಸುಮ್ಮನಿರಲಿಲ್ಲ, ಅಲ್ಲಲ್ಲಿ ಮುಕ್ಕಾಯಿತು. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಹಿಡಿದರು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಬಂತು. ಅಕ್ಷರವನ್ನು ಹೊಸ ಹಾಳೆಗೆ ದಾಟಿಸಿದ ಆ ಕೈಗಳಿಗೆ ನಾನು ಗರಿಗಳಿಗೆ ಮುಗಿದಷ್ಟೇ ಭಕ್ತಿಯಿಂದ ಕೈಮುಗಿಯುತ್ತೇನೆ.

ಜ್ಯೇಷ್ಠ ಶುದ್ಧ ಪಂಚಮಿ ನಮಗೆ ಶ್ರುತಪಂಚಮಿ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಸುತ್ತಿದ ಬಟ್ಟೆ ಬದಲಿಸಿ ಪೂಜಿಸುತ್ತಾರೆ. ಗರಿ ಕೆಟ್ಟಿರಲಿ ಬಿಡಲಿ, ಆ ದಿನ ತೆಗೆದು ನೋಡಲೇಬೇಕು. ಕ್ಯಾಲೆಂಡರಿಗೆ ಇರುವ ಯೋಗ್ಯ ಕೆಲಸ ಇದು: ನಮ್ಮ ಪ್ರಮಾದವನ್ನು ಎಬ್ಬಿಸುವುದು. ನನ್ನ ಬೇಸನ್ನೂ ನಾನು ಅಂದೇ ಬಿಚ್ಚುತ್ತೇನೆ. ಮಳೆಗಾಲ ಬಾಗಿಲಲ್ಲಿರುವ ಹೊತ್ತು ಅದು. ತಂತಿ ಬದಲಿಸಬೇಕೋ ಬೇಡವೋ ಎಂಬುದನ್ನು ಬೆರಳು, ಕಿವಿ ಹೇಳುತ್ತವೆ.

ಇಷ್ಟೆಲ್ಲ ಹೇಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಎತ್ತಿದವನು ಪಕ್ಕದ ಊರಿನ ಚರ್ಚಿನ ಕ್ವಾಯರಿನಲ್ಲಿ ಬೇಸ್ ನುಡಿಸುವ ಹುಡುಗ. ವಾದ್ಯ ಅವನ ತಂದೆಯದು, ಅವರು ತೀರಿಹೋಗಿದ್ದಾರೆ. ಕ್ರಿಸ್ಮಸ್ಸಿಗೆ, ಈಸ್ಟರಿಗೆ, ಚರ್ಚಿನ ಹಬ್ಬಕ್ಕೆ ಮಾತ್ರ ಅವನು ಅದನ್ನು ತೆಗೆಯುವುದು. ತಂತಿ ಸತ್ತೇಹೋಗಿದೆ. "ಅಪ್ಪ ಹಾಕಿದ ತಂತಿ ಅಂಕಲ್, ಅವರ ಬೆವರು ಅದರಲ್ಲಿ ಉಂಟು. ತೆಗೀಲಿಕ್ಕೆ ಮನಸ್ಸು ಬರುದಿಲ್ಲ" ಎಂದ. ವಸ್ತುವಿನ ಮೇಲಿನ ಮೂರ್ಛೆಯೇ, ಅಂದರೆ ಮೋಹವೇ, ಪರಿಗ್ರಹ ಎಂದು ಕಲಿತ ನಾನು ಅವನಿಗೆ ಆ ಮಾತು ಹೇಳಲಿಲ್ಲ. ಗೋವಾದ ಬೋಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಅವಶೇಷಕ್ಕೆ ಮೊಣಕಾಲೂರುವ ಪರಂಪರೆ ಅವನದು. ಪವಿತ್ರರ ದೇಹ ತಾಗಿದ ವಸ್ತುವೂ ಪೂಜ್ಯ ಎಂಬುದು ಅಲ್ಲಿ ಹಗುರ ಮಾತಲ್ಲ.

ನಾನು ಹೇಳಿದ್ದು ಇಷ್ಟು. ಅಪ್ಪನ ಬೆವರು ಅದರಲ್ಲಿ ಇರುವುದು ನಿಜ, ತಂತಿಯನ್ನು ತಿನ್ನುತ್ತಿರುವ ಉಪ್ಪು ಅದೇ. ಅವಶೇಷವನ್ನು ಯಾರೂ ದುಡಿಸುವುದಿಲ್ಲ, ಈ ತಂತಿಯಿಂದ ನೀನು ದೇವರ ಮುಂದೆ ಹಾಡು ಕೇಳುತ್ತಿದ್ದೀಯ. ಎರಡರಲ್ಲಿ ಒಂದನ್ನು ಆರಿಸಿಕೋ. ಬಿಚ್ಚಿದ ತಂತಿಯನ್ನು ನಾನಾದರೆ ಸಂಜೆಯೊಳಗೆ ಗುಜರಿಗೆ ಹಾಕುತ್ತೇನೆ. ನೀನು ಸುತ್ತಿ ಆಲ್ತಾರಿನ ಹತ್ತಿರ ಇಟ್ಟುಕೊಂಡರೂ ನನ್ನ ತಕರಾರಿಲ್ಲ.

ಅವನು ಸ್ವಲ್ಪ ಹೊತ್ತು ಯೋಚಿಸಿ, ವರ್ಷಕ್ಕೊಮ್ಮೆ ತೆಗೆದು ನೋಡುವ ದಿನ ಯಾವುದಾದರೆ ಆದೀತು ಎಂದು ಕೇಳಿದ. ನನ್ನದು ಶ್ರುತಪಂಚಮಿ ಎಂದೆ. ಅವನು ನವೆಂಬರ್ 2 ಆರಿಸಿಕೊಂಡ, ಅವರಲ್ಲಿ ಅಗಲಿದ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನ. ಮಳೆ ಹಿಂದಾಗಿರುತ್ತದೆ, ಕ್ರಿಸ್ಮಸ್ಸಿನ ಪ್ರಾಕ್ಟೀಸ್ ಇನ್ನೂ ಶುರುವಾಗಿರುವುದಿಲ್ಲ. ಒಳ್ಳೆಯ ದಿನ. ನಾಲ್ಕನ್ನೂ ಒಮ್ಮೆಲೇ ಬಿಚ್ಚಬೇಡ, ನಾಲ್ಕೂ ಸೇರಿ ಎಂಬತ್ತು ಕಿಲೊದಷ್ಟು ಎಳೆತ ಕುತ್ತಿಗೆಯ ಮೇಲಿರುತ್ತದೆ, ಒಂದೊಂದಾಗಿ ಬದಲಿಸು ಎಂದು ಹೇಳಿ ಕಳಿಸಿದೆ.