ಮರಹೂ ಅರಳುಮರಳೂ

ಅರಿವು, ಮರಹು ಎಂಬ ಜೋಡಿ ಶಬ್ದಗಳು ವಚನವಾಙ್ಮಯವನ್ನು ಅಲ್ಪಸ್ವಲ್ಪ ಓದಿದವರಿಗೂ ಸುಪರಿಚಿತವಾದವು. ಮರಹೆಂದರೆ ತನ್ನ ನಿಜವನ್ನು ತಾನೇ ಕಡೆಗಣಿಸಿ ನಡೆಯುವುದು. ಅದನ್ನು ಶರಣರು ದೋಷವೆಂದೇ ಎಣಿಸಿದರು. ಹಾಗಾದರೆ ವೃದ್ಧಾಪ್ಯದಲ್ಲಿ ಉಂಡ ಊಟವನ್ನೂ ಹೆತ್ತ ಮಕ್ಕಳ ಹೆಸರನ್ನೂ ಮರೆಯುವವರನ್ನು ಏನೆನ್ನಬೇಕು? ಜೀವಮಾನವೆಲ್ಲ ಪೂಜೆ ತಪ್ಪಿಸದ ಭಕ್ತೆಯೊಬ್ಬಳು, ಇಂದು ಪೂಜೆಯಾಯಿತೇ ಇಲ್ಲವೇ ಎಂಬುದನ್ನೇ ತಿಳಿಯದಾದರೆ ಅವಳ ಅರಿವು ಎಲ್ಲಿ ಹೋಯಿತು? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ, ಮನೆಯಿಂದ ಬಂದುದು.

ನನ್ನ ತಾಯಿ ಮಂಗಳೂರಿನ ಕಂಕನಾಡಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ದಾವಣಗೆರೆಯ ಕಡೆಯವರಾದ ಅವರು ಅಲ್ಲಿ ನೆಲೆಸಿದ ಮೇಲೆ ಮಾರುಕಟ್ಟೆಯ ಹೂವಿನವಳೊಡನೆ ತುಳುವನ್ನೂ ನೆರೆಮನೆಯವರೊಡನೆ ಕೊಂಕಣಿಯನ್ನೂ ಆಡಲು ಕಲಿತರು. ಅಕ್ಷರ ಮಾತ್ರ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ಮರೆವು ಮೊದಲಾಯಿತು. ರಜೆಯಲ್ಲಿ ಹೋದಾಗಲೆಲ್ಲ ನಾನು ಉಪಾಧ್ಯಾಯನ ಚಾಳಿಯಂತೆ ಬೆಳಿಗ್ಗೆ ಎದುರು ಕುಳಿತು, ‘ಇಂದು ಯಾವ ವಾರ? ನಾನು ಯಾರು?’ ಎಂದು ಕೇಳುತ್ತಿದ್ದೆ. ತಪ್ಪಿದರೆ ತಿದ್ದುತ್ತಿದ್ದೆ, ಗದರಿಸಿದ್ದೂ ಉಂಟು. ಕೆಲವೇ ದಿನಗಳಲ್ಲಿ ಅವರು ನನ್ನನ್ನು ಕಂಡೊಡನೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಸರಿಯತೊಡಗಿದರು. ನನ್ನ ಹೆಸರನ್ನು ಮರೆತವರು ನನ್ನ ಭಯವನ್ನು ಮರೆಯಲಿಲ್ಲ.

‘ಅರವತ್ತಕ್ಕೆ ಅರಳುಮರಳು’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇದು ವಯಸ್ಸಿನ ಸಹಜಧರ್ಮವಲ್ಲ, ಮೆದುಳಿನ ರೋಗವೆಂಬುದು ಈಗ ನಿರ್ವಿವಾದ. ಥೈರಾಯಿಡ್ ಕೊರತೆಯಿಂದಲೂ ಬಿ12 ಜೀವಸತ್ವದ ಅಭಾವದಿಂದಲೂ ಮರೆವು ಬರುವುದುಂಟು, ಅವಕ್ಕೆ ಚಿಕಿತ್ಸೆಯೂ ಉಂಟು. ಆದುದರಿಂದ ಗೃಹಸ್ಥರು ಗಾದೆಯನ್ನು ನಂಬಿ ಕೂರದೆ ಮೊದಲು ವೈದ್ಯರಲ್ಲಿಗೆ ಹೋಗುವುದು ಲೇಸು.

ಇಂಥ ರೋಗಗಳ ಶೋಧನೆಯಲ್ಲಿ ಬಹುಕಾಲದಿಂದ ತೊಡಗಿರುವವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞೆ ಡಾ. ಸುವರ್ಣಾ ಅಲ್ಲಾಡಿಯವರು ಒಬ್ಬರು. ಹಿಂದೆ ಹೈದರಾಬಾದಿನಲ್ಲಿದ್ದಾಗ ಅವರೂ ಅವರ ಸಹೋದ್ಯೋಗಿಗಳೂ 648 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗವು ಏಕಭಾಷಿಗಳಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತೆಂದು 2013ರಲ್ಲಿ ಪ್ರಕಟಿಸಿದರು. ನಿರಕ್ಷರರಲ್ಲಿಯೂ ಈ ಅಂತರ ಕಂಡುಬಂದಿತು. ಕಂಕನಾಡಿಯ ಪೇಟೆಯಲ್ಲಿ ಹೆಜ್ಜೆಗೊಂದು ನುಡಿ ಬದಲಿಸುವವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ತಡವೆಂದರೆ ತಡೆಯಲ್ಲ.

ನನ್ನ ಮನಸ್ಸಿಗೆ ನಾಟಿದುದು ಬೇರೊಂದು. ಶಾಲೆ ಕಂಡವರಿಗಾಗಿ ಪರದೇಶದಲ್ಲಿ ರಚಿತವಾದ ಪ್ರಶ್ನೆಗಳನ್ನೇ ಅಕ್ಷರವರಿಯದ ವೃದ್ಧೆಗೂ ಹಾಕಿದರೆ, ನೂರರಿಂದ ಏಳೇಳನ್ನು ಕಳೆಯಲಾರದ ಆಕೆ ನಿರೋಗಿಯಾದರೂ ರೋಗಿಗಳ ಲೆಕ್ಕಕ್ಕೆ ಸೇರಿಯಾಳು. ಆದಕಾರಣ ಇವರೂ ದೇಶದ ಇತರ ಸಂಶೋಧಕರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ನಮ್ಮ ಜನಕ್ಕೆ ಒಗ್ಗುವ ಪರೀಕ್ಷಾಕ್ರಮವನ್ನು ಅಣಿಗೊಳಿಸಿದರು. ಮೂವತ್ತು ವರ್ಷ ಪ್ರಶ್ನಪತ್ರಿಕೆ ಬರೆದ ನನಗೆ, ತಪ್ಪು ಪ್ರಶ್ನೆಯಲ್ಲಿಯೂ ಇರಬಹುದೆಂಬುದು ಹೊಳೆದಿರಲಿಲ್ಲ.

ಆಲ್‌ಝೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವೂ ಅದರ ನೆರೆಯೂ ಮೊದಲೇ ಕೆಡುತ್ತವೆ. ಆದ್ದರಿಂದ ಹೊಸದೊಂದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಕೈಗೆ ರೂಢಿಯಾದ ಕ್ರಿಯೆ ಮೆದುಳಿನಲ್ಲಿ ಬೇರೆಡೆ ನೆಲೆಗೊಂಡಿರುವುದರಿಂದ ಬಹುಕಾಲ ಉಳಿಯುತ್ತದೆ. ನಮ್ಮ ತಾಯಿಗೆ ವಾರ ತಿಳಿಯದು. ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿದರೆ ಬಲಗೈ ತಾನಾಗಿ ವಿಭೂತಿಯತ್ತ ಚಾಚುತ್ತದೆ.

ಇದು ಬರಿಯ ಜಡಕ್ರಿಯೆ, ಅರಿವಿಲ್ಲದ ಪೂಜೆಯನ್ನು ಶರಣರೇ ಹಳಿದಿಲ್ಲವೇ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ಹಗುರವಾದುದಲ್ಲ; ಬಹುದಿನ ಯೋಚಿಸಿದೆ. ಶರಣರು ಹಳಿದದ್ದು ಅರಿಯಬಲ್ಲವನು ಅರಿಯದೆ ಮಾಡುವ ಪೂಜೆಯನ್ನು. ಶಕ್ತಿಯಿದ್ದೂ ಮಾಡದಿದ್ದಲ್ಲಿ ದೋಷವುಂಟು. ಶಕ್ತಿಯೇ ಉಡುಗಿದಲ್ಲಿ ದೋಷವೆಲ್ಲಿಯದು? ಆ ಕೈಯನ್ನು ಅರವತ್ತು ವರ್ಷ ಅರಿತೇ ಪಳಗಿಸಿದವರು ಅವರು. ಈಗ ಉಳಿದಿರುವುದು ಅರಿವೇ ಎಂದು ಸಾಧಿಸುವಷ್ಟು ಪಾಂಡಿತ್ಯ ನನ್ನಲ್ಲಿಲ್ಲ. ಮರಹಲ್ಲವೆಂದು ಮಾತ್ರ ಹೇಳಬಲ್ಲೆ. ಆ ಕೋಣೆಯಲ್ಲಿ ಮರಹು ಯಾರಲ್ಲಿತ್ತೆಂದರೆ, ನೂರಾರು ವಚನಗಳನ್ನು ಕಂಠಸ್ಥ ಮಾಡಿಕೊಂಡು ಯಾರೆದುರು ಕುಳಿತಿದ್ದೇನೆಂಬುದನ್ನೇ ಮರೆತಿದ್ದವನಲ್ಲಿ.

ಈ ಸಲ ಹೋದಾಗ ಪ್ರಶ್ನೆ ಕೇಳಲಿಲ್ಲ. ಮಾರುಕಟ್ಟೆಯಿಂದ ಬಿಡಿಹೂವು ತಂದು ಬಾಳೆನಾರಿನೊಡನೆ ಮುಂದಿಟ್ಟೆ. ಅವ್ವ ಕಟ್ಟುತ್ತ ಕಟ್ಟುತ್ತ, ‘ನೀವು ಯಾರ ಪೈಕಿ ಆಗಬೇಕಪ್ಪಾ?’ ಎಂದರು. ‘ಈ ಮನೆಯವನೇ, ಅವ್ವಾ’ ಎಂದೆ. ಅವರು ತಲೆಯೆತ್ತಿ ನೋಡಿ, ‘ಹಂಗಾದ್ರೆ ಉಂಡ್ಕಂಡೇ ಹೋಗ್ರಿ’ ಎಂದರು.